ಏರಿಯಲ್ಲಿ ಕಂಡ ಟೊಳ್ಳು

೨೦೦೫ರ ನವೆಂಬರ್, ಒಂದು ಬುಧವಾರ, ಬೆಳಿಗ್ಗೆ ಆರು ಗಂಟೆ ಐವತ್ತು ನಿಮಿಷ. ಸ್ಥಳ, ದಿಬ್ಬೂರಹಳ್ಳಿಯಿಂದ ಎರಡು ಮೈಲಿ ಆಚೆಗಿನ ಒಂದು ಕೆರೆಯ ಏರಿ. ಹಾಜರಿದ್ದವರು: ರೇಡಾರ್ ಕೆಲಸಕ್ಕೆ ನಾನು ಮತ್ತು ನನ್ನ ಕೈಕೆಳಗಿನ ಇಂಜಿನಿಯರ್ ನಸ್ರೀನ್, ಸಣ್ಣ ನೀರಾವರಿಯವರ ಕಡೆಯಿಂದ ಒಬ್ಬ ಇಂಜಿನಿಯರ್, ಊರಿನ ಕಡೆಯಿಂದ ನೀರುಗಂಟಿ ಮುನಿಶಾಮಪ್ಪ, ಅಂದರೆ ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಹಂಚುವವರು.

ಲಾಗ್ ಪುಸ್ತಕದ ಅಂದಿನ ಪುಟ ಹೀಗೆ ಶುರುವಾಗುತ್ತದೆ. ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೆ ಪ್ರತಿ ಪುಟವನ್ನೂ ನಾನು ಹೀಗೆಯೇ ಶುರು ಮಾಡಿದ್ದೇನೆ. ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ವಿದ್ಯಾರ್ಥಿನಿಲಯದಲ್ಲಿ ಬೆಳೆದವನು ನಾನು. ಆ ಅಭ್ಯಾಸ ಹೋಗಲಿಲ್ಲ. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಗೌರಿಬಿದನೂರಿನ ನಮ್ಮ ಮನೆಗೆ ಬಂದು, ‘ನಿಮ್ಮ ಕಾಲದಲ್ಲಿ ಹೇಗಿತ್ತು ಸರ್?’ ಎಂದು ಕೇಳುತ್ತಾರೆ. ನನಗೆ ಯಾವಾಗ ಯಾವ ಬಡ್ತಿ ಸಿಕ್ಕಿತು ಎಂಬುದರಿಂದ ಅವರಿಗೆ ಏನೂ ಆಗಬೇಕಾದ್ದಿಲ್ಲ. ಈ ಬುಧವಾರದ ವಿಷಯ ಗೊತ್ತಿದ್ದರೆ ಉಪಯೋಗಕ್ಕೆ ಬರುತ್ತದೆ.

ಮೊದಲು ಸಲಕರಣೆಯ ವಿಷಯ ಹೇಳಿಬಿಡುತ್ತೇನೆ. ರೇಡಾರ್ ಎಂದರೆ ಕೂಗಿ, ಪ್ರತಿಧ್ವನಿಗೆ ಕಾಯುವುದು. ನಮ್ಮ ರೇಡಾರ್ ಒಂದೇ ಸ್ವರದಲ್ಲಿ ಕೂಗುವುದಿಲ್ಲ. ಕೆಳಗಿನ ಸ್ವರದಿಂದ ಮೇಲಿನ ಸ್ವರಕ್ಕೆ ಒಂದೇ ಸಮನೆ ಏರುತ್ತಾ ಹೋಗುವ ಶಿಳ್ಳೆ ಅದು. ಅದಕ್ಕೆ ಚಿರ್ಪ್ ಎನ್ನುತ್ತೇವೆ. ಮಣ್ಣಿನೊಳಗೆ ಹೋಗಿ ಬಡಿದು ವಾಪಸ್ ಬರುವಷ್ಟರಲ್ಲಿ ಇಲ್ಲಿ ಶಿಳ್ಳೆ ಇನ್ನಷ್ಟು ಮೇಲೇರಿರುತ್ತದೆ. ಈಗ ಹೊರಡುತ್ತಿರುವ ಸ್ವರಕ್ಕೂ ವಾಪಸ್ ಬಂದ ಸ್ವರಕ್ಕೂ ಎಷ್ಟು ಅಂತರವಿದೆ ಎಂದು ಅಳೆದರೆ ಆಳ ತಿಳಿಯುತ್ತದೆ. ಶಿಳ್ಳೆಯ ಹರವು ಅಗಲವಾದಷ್ಟೂ ಸಣ್ಣ ಸಣ್ಣ ವಸ್ತುಗಳು ಬೇರೆ ಬೇರೆಯಾಗಿ ಕಾಣುತ್ತವೆ. ಆದರೆ ಏರುವುದು ಮಾತ್ರ ಒಂದೇ ಸಮನಾಗಿರಬೇಕು. ಎಲ್ಲಾದರೂ ಎಡವಿದರೆ ಲೆಕ್ಕವೆಲ್ಲ ಕೆಡುತ್ತದೆ.

ನಾನು ಸೇರಿದಾಗ ಈ ಶಿಳ್ಳೆಯನ್ನು ವೋಲ್ಟೇಜ್ ಏರಿಸಿ ಏರಿಸಿ ಹುಟ್ಟಿಸುತ್ತಿದ್ದೆವು. ಬೆಳಿಗ್ಗೆ ಒಂದು ಥರ ಏರುತ್ತಿತ್ತು, ಬಿಸಿಲೇರಿದ ಮೇಲೆ ಇನ್ನೊಂದು ಥರ. ನಗರಗೆರೆ ರಸ್ತೆಯಲ್ಲಿದ್ದ ನಮ್ಮ ಶೆಡ್ಡಿನ ಮೇಲೆ ಸಿಮೆಂಟ್ ಶೀಟು. ಏಪ್ರಿಲ್ ತಿಂಗಳಲ್ಲಿ ಪೆಟ್ಟಿಗೆಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಅಳತೆ ಮಾಡಿದ್ದೇನೆ. ನಮ್ಮ ಮುಖ್ಯಸ್ಥ ಶಾಮಣ್ಣನವರು ಒಮ್ಮೆ ಬಂದು ನೋಡಿ, ‘ಏನಯ್ಯಾ, ಬಾಣಂತಿಗೆ ಮಾಡ್ದಂಗೆ ಮಾಡ್ತಾ ಇದ್ದೀಯ’ ಎಂದು ನಕ್ಕು, ಗೋಣಿಚೀಲದ ಇನ್ನೊಂದು ತುದಿ ತಾವೇ ಹಿಡಿದುಕೊಂಡರು.

ಆಮೇಲೆ ಡಿಡಿಎಸ್ ಚಿಪ್ ಬಂತು. ಇದರಲ್ಲಿ ಸ್ವರವನ್ನು ಯಾರೂ ಹುಟ್ಟಿಸುವುದಿಲ್ಲ; ಅಂಕಿಗಳಿಂದ ಬರೆಯುತ್ತಾರೆ. ಅಲೆಯ ಒಂದು ಸುತ್ತಿನ ಏರಿಳಿತವೆಲ್ಲ ಒಂದು ಕೋಷ್ಟಕದಲ್ಲಿ ಇರುತ್ತದೆ. ಗಡಿಯಾರ ಒಮ್ಮೆ ಮಿಡಿದರೆ ಒಂದು ಸಂಖ್ಯೆ ಕೂಡಿಸಿಕೊಂಡು, ಕೋಷ್ಟಕದ ಮುಂದಿನ ಮನೆಗೆ ಹೋಗಿ, ಅಲ್ಲಿರುವ ಎತ್ತರವನ್ನು ಹೊರಗೆ ಕೊಡುತ್ತದೆ. ಕೂಡಿಸುವ ಸಂಖ್ಯೆ ದೊಡ್ಡದಾದರೆ ಸುತ್ತು ಬೇಗ ಮುಗಿಯುತ್ತದೆ, ಸ್ವರ ಏರುತ್ತದೆ. ಆ ಸಂಖ್ಯೆಯನ್ನೇ ಸಮನಾಗಿ ಹೆಚ್ಚಿಸುತ್ತಾ ಹೋದರೆ ಚಿರ್ಪ್ ತಯಾರು. ಬಿಸಿಲಿಗೂ ಚಳಿಗೂ ಜಗ್ಗುವುದಿಲ್ಲ. ನನ್ನಂಥವನಿಗೆ ಇದಕ್ಕಿಂತ ಬೇರೆ ಏನು ಬೇಕು? ಮೊದಲ ದಿನವೇ ನನಗೆ ಅದರ ಮೇಲೆ ಮಮತೆ ಹುಟ್ಟಿತು.

ಎರಡನೇ ದಿನವೇ ಅದು ನನಗೆ ಪಾಠ ಕಲಿಸಿತು. ಚಿಪ್‌ನ ಹೊರಬಾಗಿಲಲ್ಲಿ ಒಂದು ಫಿಲ್ಟರ್ ಇರಲೇಬೇಕು, ಇಲ್ಲದಿದ್ದರೆ ಬೇಕಾದ ಸ್ವರದ ಜೊತೆ ಅದರ ಕನ್ನಡಿ ಬಿಂಬವೂ ಹೊರಗೆ ಬರುತ್ತದೆ. ಅವಸರಕ್ಕೆ ಫಿಲ್ಟರ್ ಇಲ್ಲದೆಯೇ ನೋಡಿದೆ. ಪರದೆಯ ಮೇಲೆ ಒಂದು ಗೆರೆ ಮೇಲಕ್ಕೆ ಹತ್ತುತ್ತಿದೆ, ಇನ್ನೊಂದು ಅದೇ ವೇಗದಲ್ಲಿ ಕೆಳಗೆ ಇಳಿಯುತ್ತಿದೆ. ಶಾಮಣ್ಣನವರು ಕನ್ನಡಕ ಸರಿಮಾಡಿಕೊಂಡು, ‘ಒಂದು ಹತ್ತುತ್ತೆ, ಒಂದು ಇಳಿಯುತ್ತೆ. ರೇಡಾರೋ ಏತವೋ?’ ಅಂದರು. ಬಯ್ಯಲಿಲ್ಲ. ಅವರು ಬಯ್ದಿದ್ದು ನನಗೆ ನೆನಪಿಲ್ಲ. ಹೀಗೆ ಒಂದು ಮಾತು ಆಡಿ ಹೋಗುತ್ತಿದ್ದರು, ಅದು ವಾರಗಟ್ಟಲೆ ಕೊರೆಯುತ್ತಿತ್ತು.

ಆಂಟೆನಾ ಮಾಡಿದವರು ಚಿಂತಾಮಣಿಯ ಒಬ್ಬ ತಗಡಿನ ಕೆಲಸದವರು. ನಕ್ಷೆಯಲ್ಲಿ ಮಿಲಿಮೀಟರು ಬರೆದುಕೊಟ್ಟಿದ್ದೆ. ಅವರು ಅದನ್ನು ಎರಡು ಸಲ ತಿರುಗಿಸಿ ನೋಡಿ, ‘ಇದ್ರಲ್ಲಿ ಏನ್ ಅಳೀತೀರಿ ಸಾರ್, ಕಡ್ಲೆಕಾಯಾ?’ ಎಂದು ಕೇಳಿದರು. ಮಾಡಿಕೊಟ್ಟದ್ದು ಮಾತ್ರ ಅರ್ಧ ಮಿಲಿಮೀಟರು ತಪ್ಪಿರಲಿಲ್ಲ.

ಪ್ರೋಗ್ರಾಮ್ ಬರೆದವಳು ನಸ್ರೀನ್. ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಮನೆಯ ಹುಡುಗಿ. ಕೆಲಸ ಚುರುಕು, ಬಾಯಿ ಅದಕ್ಕಿಂತ ಚುರುಕು. ಹೊರಗಿನ ಕೆಲಸಕ್ಕೆ ನಾನು ಬರೆದಿದ್ದ ಇಪ್ಪತ್ತೆರಡು ಅಂಶಗಳ ಪಟ್ಟಿಯನ್ನು ಅವಳು ‘ಸರ್ ಅವರ ಸ್ಕೂಲ್ ಪ್ರೇಯರ್’ ಎಂದು ಕರೆಯುತ್ತಿದ್ದಳು, ನನ್ನೆದುರಿಗೇ.

ಈಗ ಬುಧವಾರಕ್ಕೆ ಬರುತ್ತೇನೆ. ಆ ವರ್ಷ ನಮ್ಮ ಕಡೆ ಹಿಂದೆಂದೂ ಕಾಣದಂತೆ ಮಳೆಯಾಗಿ, ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಹರಿದವು. ಕೆಲವು ಏರಿಗಳು ಒಡೆದವು. ಈ ಕೆರೆಯ ಏರಿಯ ಹಿಂಭಾಗದಲ್ಲಿ, ತೂಬಿನ ಹತ್ತಿರ, ಒಂದು ಒದ್ದೆ ಜಾಗ ಕಾಣಿಸಿಕೊಂಡಿತ್ತು. ಏರಿಯ ಕೆಳಗೆ ಮೂವತ್ತು ಮನೆ. ಅದರಾಚೆ ಹಳೆಯ ಗದ್ದೆಬಯಲಿನಲ್ಲಿ ಬಹಳ ವರ್ಷಗಳ ಮೇಲೆ ಭತ್ತ ನಾಟಿಯಾಗಿತ್ತು. ಏರಿಯೊಳಗೆ ಟೊಳ್ಳು ಇದೆಯೇ, ನಿಮ್ಮ ರೇಡಾರಿನಲ್ಲಿ ನೋಡಿ ಹೇಳಿ ಎಂದು ನೀರಾವರಿಯವರು ಕೇಳಿದ್ದರು. ಸಂಜೆ ನಾಲ್ಕಕ್ಕೆ ಅವರು ತೀರ್ಮಾನ ಹೇಳಬೇಕು; ಟೊಳ್ಳಿದ್ದರೆ ತೂಬು ಪೂರ್ತಿ ಎತ್ತಿ, ಕೋಡಿ ಕಡಿದು, ಕೆರೆ ಬರಿದು ಮಾಡಬೇಕು. ಇಲ್ಲದಿದ್ದರೆ ಬಿಡಬೇಕು. ಹಾಳೆಯ ಮೇಲೆ ಸಹಿ ಮಾಡಬೇಕಾದವನು ನಾನು.

ಮುನಿಶಾಮಪ್ಪ ನಮಗಿಂತ ಮೊದಲೇ ಬಂದು ತೂಬಿನ ಕಲ್ಲುಕಂಬಕ್ಕೆ ಒರಗಿ ನಿಂತಿದ್ದರು. ಅವರ ತಾತನಿಂದ ಬಂದ ಕೆಲಸ. ಕೆರೆ ಬತ್ತಿದ್ದ ಅಷ್ಟೂ ವರ್ಷ ಅವರು ಕೂಲಿ ಮಾಡಿಕೊಂಡಿದ್ದು, ಈಗ ತಾನೆ ಮತ್ತೆ ನೀರುಗಂಟಿ ಆಗಿದ್ದರು.

‘ಏರಿ ಗಟ್ಟಿಯಾಗೈತೆ ಸಾರ್,’ ಅಂದರು. ‘ಮಳೆ ಶುರುವಾದಾಗ್ಲಿಂದ ದಿನಾ ಈ ತುದಿಯಿಂದ ಆ ತುದಿಗೆ ಕಾಲಲ್ಲಿ ತುಳ್ದು ನೋಡಿವ್ನಿ. ತೂಬಿನ ಬಾಯಿ ಒಂಚೂರು ಬೆವರ್ತದೆ, ಅದು ನಮ್ಮಪ್ಪನ ಕಾಲದಿಂದ್ಲೂ ಅಷ್ಟೆ.’

‘ನೋಡೋಣ,’ ಎಂದೆ. ನೋಡುವ ಮೊದಲು ಯಾರ ಮಾತನ್ನೂ ಬರೆದುಕೊಳ್ಳುವುದು ನನ್ನ ಪದ್ಧತಿಯಲ್ಲ.

ನಮ್ಮ ಬ್ಯಾಟರಿ ಹಿಂದಿನ ದಿನ ಮೇಲೂರಿನ ಕಡೆಯ ಕೆಲಸದಲ್ಲಿ ಖಾಲಿಯಾಗಿತ್ತು. ಏರಿಯ ನಡುಭಾಗದಲ್ಲಿ, ಕೆಳಗಡೆ, ಲಕ್ಷ್ಮಮ್ಮ ಎಂಬುವರ ಹುಳುಮನೆ ಇತ್ತು. ರೇಷ್ಮೆಹುಳು ಸಾಕುವ ಮನೆ. ಅಲ್ಲಿಂದ ಉದ್ದನೆಯ ತಂತಿ ಎಳೆದು ಕರೆಂಟು ತೆಗೆದುಕೊಂಡೆವು. ಪಟ್ಟಿಯ ಮೂರನೇ ಅಂಶ: ಕೆಲಸ ಶುರುವಾಗುವ ಮುನ್ನ ವೋಲ್ಟೇಜ್ ಅಳೆಯುವುದು. ಏಳು ಗಂಟೆಗೆ ಅಳೆದೆ. ಇನ್ನೂರ ಹದಿನೆಂಟು. ಬರೆದು, ಟಿಕ್ ಹಾಕಿದೆ.

ಆಂಟೆನಾ ಜೋಡಿಯನ್ನು ಹಲಗೆಯ ಮೇಲೆ ಕಟ್ಟಿ, ಹಗ್ಗ ಹಾಕಿ ಎಳೆಯುತ್ತಾ ಹೋದೆವು. ಏರಿಯ ಪೂರ್ವದ ಅರ್ಧ ಮುಗಿಯುವಾಗ ಒಂಬತ್ತೂವರೆ. ಏನೂ ಇಲ್ಲ. ನೀರು ಕುಡಿದು, ಪಶ್ಚಿಮದ ಅರ್ಧ ಶುರು ಮಾಡಿದೆವು. ತೂಬು ಇದ್ದದ್ದು ಈ ಕಡೆ.

ಹತ್ತು ಗಂಟೆಯ ಹೊತ್ತಿಗೆ ಪರದೆಯ ಮೇಲೆ ನೆಲದ ಗೆರೆಯ ಕೆಳಗೆ ಇನ್ನೊಂದು ಗೆರೆ ಬಂತು. ಒಂದು ಮೀಟರ್ ಆಳ. ಹಲಗೆ ಮುಂದೆ ಹೋದಂತೆ ಅದೂ ಬಂತು. ತೂಬು ದಾಟಿ ಏರಿಯ ಕೊನೆ ಮುಟ್ಟುವವರೆಗೂ ಬಂತು. ಅಡ್ಡಪಟ್ಟಿ ಇಟ್ಟು ಎಳೆದಂಥ ಗೆರೆ.

ನೀರಾವರಿಯ ಇಂಜಿನಿಯರ್ ಬಗ್ಗಿ ನೋಡಿದರು. ಒಳ್ಳೆಯ ಮನುಷ್ಯ, ಮೂರು ರಾತ್ರಿಯಿಂದ ಏರಿಯಿಂದ ಏರಿಗೆ ಓಡಾಡಿ ಕಣ್ಣು ಕೆಂಪಾಗಿತ್ತು. ‘ಹಳೇ ಕಾಲದ ಕಲ್ಲು ಕಾಲುವೆ ಏನಾದ್ರೂ ಒಳಗೆ ಮುಚ್ಚಿ ಹೋಗಿರಬೇಕು. ನೀರು ಅದರಲ್ಲೇ ದಾರಿ ಮಾಡ್ಕೊಂಡು ತೂಬಿನ ಹತ್ರ ಹೊರಗೆ ಬರ್ತಿದೆ. ಎಲ್ಲ ಹೊಂದುತ್ತೆ,’ ಅಂದರು.

ಎಲ್ಲ ಹೊಂದುತ್ತಿತ್ತು. ಅದೇ ತೊಂದರೆ.

ಮುನಿಶಾಮಪ್ಪ ಪರದೆಯನ್ನು ಬಹಳ ಹೊತ್ತು ನೋಡಿದರು. ‘ಇದು ಟೊಳ್ಳಾ ಸಾರ್?’

‘ಹೌದು.’

‘ಇಲಿ ತೋಡಿದ್ದಾ, ಏಡಿ ತೋಡಿದ್ದಾ?’

‘ಯಾವುದೋ ಒಂದು. ಕಾಲುವೆಯೂ ಇರಬಹುದು.’

‘ಇಷ್ಟು ನೆಟ್ಟಗೆ ಯಾವ ಇಲಿ ತೋಡ್ತದೆ ಸಾರ್? ದಾರ ಕಟ್ಕೊಂಡು ತೋಡ್ತಾ?’

ನನಗೆ ಸಿಟ್ಟು ಬಂತು. ‘ಯಂತ್ರ ಸುಳ್ಳು ಹೇಳುವುದಿಲ್ಲ ಮುನಿಶಾಮಪ್ಪ. ಕೆಳಗೆ ಮೂವತ್ತು ಮನೆ ಇವೆ.’

‘ಅದ್ರಲ್ಲಿ ಒಂದು ನಂದೇ,’ ಅಂದರು. ‘ಮಕ್ಳು ಮರಿ ಎಲ್ಲ ಅಲ್ಲೇ ಅವ್ರೆ. ಟೊಳ್ಳಿದ್ರೆ ನಾನೇ ಮೊದ್ಲು ಎತ್ತೋನು ತೂಬ. ಇಲ್ದೆ ಇದ್ರೆ? ಈ ನೀರು ಹೋದ್ರೆ ಇನ್ಯಾವತ್ತು ತುಂಬ್ತದೋ, ನೀವೇ ಹೇಳಿ.’

ಇಂಜಿನಿಯರ್ ಫೋನ್ ಹಿಡಿದು ಸಿಗ್ನಲ್ ಹುಡುಕುತ್ತಾ ಏರಿಯ ಮೇಲೆ ನಡೆದರು, ಮೇಲಿನವರಿಗೆ ತಿಳಿಸಲು. ಕೋಡಿ ಕಡಿಯಲು ಗುದ್ದಲಿ ಹಿಡಿದ ಹತ್ತು ಆಳುಗಳು ಆಗಲೇ ಬಂದು ಹುಣಸೆಮರದ ಕೆಳಗೆ ಕೂತಿದ್ದರು.

ಒಂದು ಗಂಟೆಗೆ ಊಟ. ಲಕ್ಷ್ಮಮ್ಮ ಮುದ್ದೆ, ಹುರುಳಿಸಾರು ಕೊಟ್ಟರು. ಹುಳುಮನೆಯ ಹೊರಗೆ ಕಾಲು ತೊಳೆದು, ಜಗಲಿಯಲ್ಲಿ ಕೂತಿದ್ದೆವು. ಒಳಗೆ ಮರಿಹುಳುಗಳ ಕಾವಿಗೆಂದು ದೊಡ್ಡ ಬಲ್ಬುಗಳನ್ನು ಇಳಿಬಿಟ್ಟಿದ್ದರು. ಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ಯಾರಿಗೋ ಬಯ್ಯುತ್ತಿದ್ದರು.

‘ದೇವುಡಾ, ನೋಡಮ್ಮ ಈ ಬಲ್ಬು, ಉರಿಯೋ ಬೀಡಿ ತುದಿ ಇದ್ದಂಗೈತೆ. ಹುಳಕ್ಕೆ ಕಾವು ಎಲ್ಲಿಂದ ಬರ್ಬೇಕು?’

‘ಏನಾಯ್ತು ಆಂಟಿ?’ ನಸ್ರೀನ್ ಕೇಳಿದಳು.

‘ಇನ್ನೇನು ಆಗ್ಬೇಕು? ಬೆಳಿಗ್ಗೆ ತ್ರೀ ಫೇಸ್ ಕೊಡ್ತಾರೆ, ಒಂಬತ್ತೂವರೆಗೆ ತೆಗ್ದು ಸಿಂಗಲ್ ಫೇಸ್ ಮಾಡ್ತಾರೆ. ಆಗ ಮೇಲ್ಗಡೆ ತೋಟದೋರೆಲ್ಲ ಕಂಡೆನ್ಸರ್ ಹಾಕ್ಕೊಂಡು ಮೋಟ್ರು ಓಡಿಸ್ತಾರೆ. ಇರೋ ಕರೆಂಟೆಲ್ಲ ಅವ್ರೇ ಕುಡ್ಕೊಂಬಿಡ್ತಾರೆ. ನಮ್ಗೆ ಈ ಬೀಡಿ ತುದಿ.’

ನಸ್ರೀನ್ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದಳು. ‘ಸರ್, ಟೊಳ್ಳು ಯಾವಾಗ ಶುರುವಾಯ್ತು?’

‘ಪೂರ್ವದಿಂದ ನೂರಾ ನಾಲ್ಕನೇ ಮೀಟರಿನಲ್ಲಿ.’

‘ಎಲ್ಲಿ ಅಲ್ಲ ಸರ್. ಯಾವಾಗ?’

ಲಾಗ್ ತೆಗೆದು ನೋಡಿದೆ. ಹತ್ತಕ್ಕೆ ಐದು ನಿಮಿಷ. ಅಲ್ಲಿಂದ ಮುಂದೆ ಒಂದು ಕಡೆಯೂ ಬಿಟ್ಟಿರಲಿಲ್ಲ.

ಕೈ ತೊಳೆದುಕೊಂಡು ಮೀಟರ್ ಹಿಡಿದು ಹೋದೆ. ನೂರ ನಲವತ್ತೆಂಟು ವೋಲ್ಟ್. ನನ್ನ ಪಟ್ಟಿಯಲ್ಲಿ ವೋಲ್ಟೇಜ್ ಅಳೆಯುವುದು ಬೆಳಿಗ್ಗೆ ಒಮ್ಮೆ ಮಾತ್ರ. ಪ್ರಯೋಗಾಲಯದಲ್ಲಿ ಅಷ್ಟು ಸಾಕಾಗುತ್ತಿತ್ತು. ಅಲ್ಲಿ ಬರೆದ ಪಟ್ಟಿಯನ್ನೇ ಹೊಲಕ್ಕೂ ತಂದಿದ್ದೆ. ತ್ರೀ ಫೇಸಿನ ಪಂಪನ್ನು ಕಂಡೆನ್ಸರ್ ಹಾಕಿ ಸಿಂಗಲ್ ಫೇಸಿನಲ್ಲೇ ಓಡಿಸುವುದು ನಮ್ಮ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ನಮ್ಮ ಭಾವನವರ ತೋಟದಲ್ಲೇ ಓಡಿಸುತ್ತಿದ್ದರು. ಗೊತ್ತಿದ್ದೂ ನನ್ನ ಪಟ್ಟಿಯೊಳಗೆ ಅದಕ್ಕೆ ಜಾಗವಿರಲಿಲ್ಲ.

ಆಗುವುದು ಇಷ್ಟು. ಮನೆಯ ಕರೆಂಟು ಸೆಕೆಂಡಿಗೆ ಐವತ್ತು ಸಲ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ನಮ್ಮ ಪವರ್ ಪೆಟ್ಟಿಗೆ ಅದನ್ನು ಒಂದೇ ದಿಕ್ಕಿಗೆ ತಿರುಗಿಸುವಾಗ ನೂರು ಉಬ್ಬುಗಳಾಗುತ್ತವೆ. ರೆಗ್ಯುಲೇಟರ್ ಆ ಉಬ್ಬುಗಳನ್ನು ಸಮಮಾಡಿ ಚಿಪ್‌ಗೆ ಕೊಡುತ್ತದೆ. ವೋಲ್ಟೇಜ್ ಇಷ್ಟು ಕೆಳಗಿಳಿದರೆ ರೆಗ್ಯುಲೇಟರಿಗೆ ಕೈಲಾಗುವುದಿಲ್ಲ, ಉಬ್ಬುಗಳು ಹಾಗೆಯೇ ಒಳಗೆ ಬರುತ್ತವೆ. ಡಿಡಿಎಸ್‌ನ ಅಂಕಿಗಳು ಕೆಡುವುದಿಲ್ಲ, ಏರುವ ಸ್ವರವೂ ಕೆಡುವುದಿಲ್ಲ. ಆದರೆ ಅಂಕಿಯನ್ನು ಅಲೆಯಾಗಿಸುವಾಗ ಅಲೆಯ ಎತ್ತರ ಸೆಕೆಂಡಿಗೆ ನೂರು ಸಲ ಹಿಗ್ಗಿ ಕುಗ್ಗುತ್ತದೆ. ನೆಲದಿಂದ ಬರುವ ಪ್ರತಿಧ್ವನಿ ಎಲ್ಲಕ್ಕಿಂತ ದೊಡ್ಡದು. ಅದರ ಪಕ್ಕದಲ್ಲಿ, ಸ್ವರದ ಲೆಕ್ಕದಲ್ಲಿ ಸೆಕೆಂಡಿಗೆ ನೂರರ ಅಂತರದಲ್ಲಿ, ಒಂದು ನೆರಳು ಹುಟ್ಟುತ್ತದೆ. ನಮ್ಮ ಚಿರ್ಪ್ ಏರುತ್ತಿದ್ದ ವೇಗಕ್ಕೆ ನೂರರ ಅಂತರವೆಂದರೆ ಮಣ್ಣಿನಲ್ಲಿ ಸರಿಯಾಗಿ ಒಂದು ಮೀಟರ್. ಇಂಥ ನೆರಳಿಗೆ ನೆಲದ ಮೇಲ್ಗಡೆಯೂ ಒಂದು ಜೋಡಿ ಇರುತ್ತದೆ. ಅದು ಕಂಡಿದ್ದರೆ ಹತ್ತು ಗಂಟೆಗೇ ಗುಟ್ಟು ತಿಳಿಯುತ್ತಿತ್ತು. ಆದರೆ ಗಾಳಿಯಲ್ಲಿ ನೋಡಲು ಏನಿದೆ, ಚಿತ್ರ ಚೊಕ್ಕಟವಾಗಿರಲಿ ಎಂದು ನೆಲದ ಮೇಲಿನ ಭಾಗವನ್ನು ನಾನೇ ಕತ್ತರಿಸಿ ಹಾಕಿಸಿದ್ದೆ.

ಇದು ಊಹೆ. ಊಹೆಯ ಮೇಲೆ ಮೂವತ್ತು ಮನೆ ಬಿಡಲಾಗುವುದಿಲ್ಲ. ನಸ್ರೀನ್‌ಗೆ ಹೇಳಿದೆ: ‘ಚಿರ್ಪಿನ ಕಾಲವನ್ನು ಎರಡರಷ್ಟು ಮಾಡು. ಅದೇ ಹರವು, ಅರ್ಧ ವೇಗ.’

ಹೊಸಬರು ಇದನ್ನು ಬರೆದಿಟ್ಟುಕೊಳ್ಳಬೇಕು. ಟೊಳ್ಳು ನಿಜವಾಗಿ ಮಣ್ಣಿನೊಳಗಿದ್ದರೆ, ನಾವು ನಿಧಾನವಾಗಿ ಕೂಗಿದರೂ ಬೇಗ ಕೂಗಿದರೂ ಅದು ಇದ್ದ ಆಳದಲ್ಲೇ ಇರುತ್ತದೆ. ಕರೆಂಟಿನ ನೆರಳಾದರೆ, ವೇಗ ಅರ್ಧವಾದಾಗ ಅದರ ಆಳ ಎರಡರಷ್ಟಾಗುತ್ತದೆ.

ಮುನಿಶಾಮಪ್ಪ ಹಲಗೆಯ ಹಗ್ಗ ಹಿಡಿದು ನಿಂತರು. ನಸ್ರೀನ್ ಎರಡು ಸಂಖ್ಯೆ ಬದಲಿಸಿ ಗುಂಡಿ ಒತ್ತಿದಳು. ಗೆರೆ ಎರಡು ಮೀಟರಿಗೆ ಇಳಿದು ಕೂತಿತು.

‘ಅರೇ, ಓಡಿ ಹೋಯ್ತಲ್ಲ,’ ಅಂದರು ಮುನಿಶಾಮಪ್ಪ.

‘ಅದು ಟೊಳ್ಳಲ್ಲ, ನನ್ನ ತಪ್ಪು,’ ಎಂದೆ.

ಆದರೆ ಕೆಲಸ ಮುಗಿದಿರಲಿಲ್ಲ. ನೆರಳು ಸುಳ್ಳು ಎಂದ ಮಾತ್ರಕ್ಕೆ ಏರಿ ಗಟ್ಟಿ ಎಂದಾಗುವುದಿಲ್ಲ. ಅದರ ಹಿಂದೆ ನಿಜವಾದ ಟೊಳ್ಳೊಂದು ಮುಚ್ಚಿಹೋಗಿರಬಹುದು. ಪಶ್ಚಿಮದ ಅರ್ಧವನ್ನು ಮತ್ತೆ ಮೊದಲಿನಿಂದ ನೋಡಬೇಕು, ಅದೂ ಬ್ಯಾಟರಿಯ ಮೇಲೆ. ಗಂಟೆ ಎರಡಕ್ಕೆ ಹತ್ತು. ನಾಲ್ಕಕ್ಕೆ ಇಂಜಿನಿಯರ್ ತೀರ್ಮಾನ ಹೇಳಬೇಕು.

ಲಕ್ಷ್ಮಮ್ಮನ ಮೈದುನನ ಟ್ರ್ಯಾಕ್ಟರ್ ಕಣದಲ್ಲಿ ನಿಂತಿತ್ತು. ‘ಅದ್ರದ್ದು ಬಿಚ್ಕೊಳ್ಳಿ,’ ಅಂದರು ಆಕೆ. ‘ಸಂಜೆ ಸೊಪ್ಪು ತರಾಕೆ ಬೇಕು. ಹುಳ ಉಪವಾಸ ಬಿದ್ರೆ ನಿಮ್ಮ ರೇಡಾರನ್ನೇ ಮೇಯಿಸ್ತೀನಿ.’

ಬಿಚ್ಚಿದೆವು. ಹನ್ನೆರಡೂವರೆ ವೋಲ್ಟ್. ಪಟ್ಟಿಯನ್ನು ಮಡಚಿ ಜೇಬಿಗಿಟ್ಟು, ಹತ್ತು ಮೀಟರಿಗೊಮ್ಮೆ ಅಳೆಯುವುದು ಎಂದು ತೀರ್ಮಾನಿಸಿದೆ. ನಸ್ರೀನ್ ಪರದೆ ನೋಡಿದಳು, ನಾನು ಮೀಟರ್ ನೋಡಿದೆ, ಮುನಿಶಾಮಪ್ಪ ಹಗ್ಗ ಎಳೆದರು. ಇಂಜಿನಿಯರ್ ತಲೆಯ ಮೇಲೆ ಟವೆಲ್ ಹಾಕಿಕೊಂಡು ಪಕ್ಕದಲ್ಲೇ ನಡೆದರು. ನೂರಾ ನಾಲ್ಕು, ನೂರಾ ಹತ್ತು, ನೂರಾ ಇಪ್ಪತ್ತು. ನೆಲದ ಕೆಳಗೆ ಖಾಲಿ. ತೂಬಿನ ಹತ್ತಿರ, ಕಟ್ಟಡದ ಕಲ್ಲಿಗೆ ತಗುಲಿದಂತೆ, ಮೊಣಕೈಯಷ್ಟು ಆಳದಲ್ಲಿ ಸಣ್ಣದೊಂದು ಮಸುಕು ಕಂಡಿತು. ಚಿರ್ಪಿನ ಕಾಲ ಬದಲಿಸಿ ನೋಡಿದೆವು. ಅದು ಜಾಗ ಬಿಟ್ಟು ಕದಲಲಿಲ್ಲ. ನಿಜವಾದದ್ದೇ. ಆದರೆ ಎರಡು ಮಾರು ದಾಟುವಷ್ಟರಲ್ಲಿ ಮುಗಿದುಹೋಯಿತು.

‘ಅದೇ ಸಾರ್ ಬೆವರೋದು ಅಂದಿದ್ದು,’ ಅಂದರು ಮುನಿಶಾಮಪ್ಪ.

ಇಂಜಿನಿಯರ್ ಗುದ್ದಲಿಯವರಲ್ಲಿ ಇಬ್ಬರನ್ನು ಕರೆದು ಅಲ್ಲಿ ಅಗೆಸಿದರು. ಮೊಣಕೈ ಆಳಕ್ಕೆ ಕಲ್ಲಿನ ಸಂದಿನಲ್ಲಿ ಒದ್ದೆ ಮಣ್ಣು, ಅದರಾಚೆ ಒಣಮಣ್ಣು. ಜೇಡಿಮಣ್ಣು ತರಿಸಿ, ತಾವೇ ನಿಂತು ದಮ್ಮಸ್ಸು ಮಾಡಿಸಿದರು. ಏರಿಯ ಕೊನೆಯವರೆಗೆ ಬೇರೇನೂ ಸಿಗಲಿಲ್ಲ. ಮೂರು ಗಂಟೆ ನಲವತ್ತಕ್ಕೆ ಹಲಗೆ ನಿಲ್ಲಿಸಿದೆವು.

ಮುನಿಶಾಮಪ್ಪ ಹಗ್ಗ ಬಿಟ್ಟು ಏರಿಯ ಮೇಲೆಯೇ ಕೂತುಬಿಟ್ಟರು. ‘ಹೆದ್ರಿಬಿಟ್ಟಿದ್ದೆ ಸಾರ್,’ ಅಂದರು ಮೆಲ್ಲಗೆ. ‘ಬೆಳಿಗ್ಗೆ ಬಾಯಲ್ಲಿ ಗಟ್ಟಿ ಅಂದೆ. ನಿಮ್ಮ ಗೆರೆ ನೋಡಿದ್ಮೇಲೆ ಹೆಂಡ್ತಿಗೆ ಗಂಟು ಕಟ್ಟು ಅಂತ ಹೇಳಿ ಕಳಿಸ್ಬಿಟ್ಟೆ.’

‘ನಾನೂ ಅಷ್ಟೇ,’ ಎಂದರು ಇಂಜಿನಿಯರ್. ಅವರು ನಕ್ಕದ್ದು ಅಂದು ಅದೇ ಮೊದಲು.

ಟೊಳ್ಳಿದೆ ಎಂದು ಬರೆದಿಟ್ಟಿದ್ದ ಬೆಳಗಿನ ಹಾಳೆಯ ಮೇಲೆ ಅಡ್ಡಗೆರೆ ಎಳೆದೆ. ಹರಿದು ಹಾಕಲಿಲ್ಲ. ‘ವಿದ್ಯುತ್ ದೋಷದಿಂದ ಮೂಡಿದ ಸುಳ್ಳು ಗುರುತು. ಅಳೆಯದೆ ಬಿಟ್ಟದ್ದು ನನ್ನ ಲೋಪ’ ಎಂದು ಬರೆದು ಸಹಿ ಮಾಡಿದೆ. ಹೊಸ ಹಾಳೆಯಲ್ಲಿ ‘ತೂಬಿನ ಬಳಿ ಅಲ್ಪ ಜಿನುಗು, ದುರಸ್ತಿಯಾಗಿದೆ, ಉಳಿದಂತೆ ಟೊಳ್ಳು ಕಂಡಿಲ್ಲ’ ಎಂದು ಬರೆದೆ. ನಸ್ರೀನ್ ಪಕ್ಕದಿಂದ ಓದಿ, ‘ಸರ್, ಪ್ರೇಯರ್‌ಗೆ ಇನ್ನೊಂದು ಲೈನ್ ಸೇರಿಸ್ಬೇಕು,’ ಅಂದಳು. ಅಲ್ಲಿಯೇ ಸೇರಿಸಿದೆ. ಈಗಲೂ ಆ ಪಟ್ಟಿಯಲ್ಲಿ ಇಪ್ಪತ್ತಮೂರು ಅಂಶಗಳಿವೆ.

ಶಾಮಣ್ಣನವರಿಗೆ ಮರುದಿನ ಎರಡೂ ಹಾಳೆ ತೋರಿಸಿದೆ. ಅಡ್ಡಗೆರೆ ಎಳೆದದ್ದನ್ನು ಬಹಳ ಹೊತ್ತು ಓದಿದರು. ‘ಇದನ್ನೇ ಫೈಲಿನಲ್ಲಿ ಮೇಲೆ ಇಡು,’ ಅಂದರು, ಅಷ್ಟೆ. ಆದರೆ ಅದು ಗುರುವಾರದ ಮಾತು.

ಬುಧವಾರ ನಾಲ್ಕೂವರೆಗೆ ಟ್ರ್ಯಾಕ್ಟರಿಗೆ ಬ್ಯಾಟರಿ ಕೂರಿಸಿ, ತಿರುಪು ಬಿಗಿ ಮಾಡಿ, ಒಮ್ಮೆ ಸ್ಟಾರ್ಟ್ ಮಾಡಿಸಿ ನೋಡಿದೆವು. ಗುದ್ದಲಿಯವರು ಬೈಸಿಕಲ್ ಹತ್ತಿ ಹೊರಟರು. ಸಾಮಾನು ಜೀಪಿಗೆ ಹಾಕಿ ಮುಗಿಯುವಾಗ ಐದು ಇಪ್ಪತ್ತು. ಹೊರಡಬೇಕೆನ್ನುವಾಗ ಮುನಿಶಾಮಪ್ಪ ಪಂಚೆ ಮೇಲಕ್ಕೆ ಕಟ್ಟಿಕೊಂಡು ತೂಬಿನ ಕಡೆ ಹೋಗುವುದು ಕಂಡಿತು.

‘ಮತ್ತೆ ಎಲ್ಲಿಗೆ?’ ಎಂದು ಕೂಗಿದೆ.

‘ಕೆಳಗಿನ ಬಯಲಿಗೆ ಇವತ್ತು ನೀರಿನ ಸರದಿ ಸಾರ್. ಇಷ್ಟೊತ್ತಿಗೆ ಬಿಡ್ಬೇಕಿತ್ತು. ನಿಮ್ಮಿಂದ ಅರ್ಧ ಗಂಟೆ ಲೇಟು.’

ಮಂಡಿಯುದ್ದ ನೀರಿಗಿಳಿದು, ತೂಬು ಎತ್ತುವ ಸರಳನ್ನು ಒಂದೇ ಒಂದು ತೂತಿನಷ್ಟು ಮೇಲಕ್ಕೆತ್ತಿ, ಬೆಣೆ ಸಿಕ್ಕಿಸಿ, ಮೇಲೆ ಬಂದರು. ಏರಿಯ ಈಚೆ ಕಾಲುವೆಯಲ್ಲಿ ನೀರು ಕಾಣಿಸಿಕೊಂಡಿತು. ಅದು ಮೊದಲನೇ ಗದ್ದೆಯ ಬದು ಮುಟ್ಟುವವರೆಗೆ ಅವರ ಜೊತೆ ನಿಂತಿದ್ದೆ. ಮುಟ್ಟಿದಾಗ ಐದು ಮೂವತ್ತೈದು. ಬರೆದುಕೊಂಡು, ಪುಸ್ತಕ ಮುಚ್ಚಿದೆ.